ಕಟ್ಟಿಕೊಂಡ ಹೊಳೆ: ನಮ್ಮ ಕಿಂಡಿ ಅಣೆಕಟ್ಟಿನ ಎರಡು ಮಳೆಗಾಲ

2019ರ ಆಗಸ್ಟ್ ಮೊದಲ ವಾರ. ರಾತ್ರಿ ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಹೊಳೆಯ ಸದ್ದು ಬದಲಾಗಿತ್ತು. ಮಳೆಗಾಲದಲ್ಲಿ ನಮ್ಮ ಹೊಳೆ ಮೊರೆಯುತ್ತಲೇ ಇರುತ್ತದೆ, ಅದು ಕಿವಿಗೆ ರೂಢಿ. ಆ ರಾತ್ರಿ ಮಳೆ ಜಾಸ್ತಿಯಾಗಿತ್ತು, ಮೊರೆತ ಕಡಿಮೆಯಾಗಿತ್ತು. ಮಳೆ ಏರಿ ಹೊಳೆ ಸುಮ್ಮನಾದರೆ ಎಲ್ಲೋ ಕಟ್ಟಿಕೊಂಡಿದೆ ಎಂದೇ ಅರ್ಥ. ಕಲ್ಲುಗಳ ಮೇಲೆ ಹಾರಿ ಹೋಗುವ ನೀರು ಸದ್ದು ಮಾಡುತ್ತದೆ. ಆ ಕಲ್ಲುಗಳೇ ಮುಳುಗಿದರೆ ಸದ್ದು ಎಲ್ಲಿಂದ ಬರಬೇಕು?

ಬ್ಯಾಟರಿ ಹಿಡಿದು ತೋಟಕ್ಕೆ ಇಳಿದೆ. ಕೆಳಗಿನ ಬಣ್ಣದಲ್ಲಿ, ಅಂದರೆ ತೋಟದ ಕೆಳಗಿನ ಪಟ್ಟಿಯಲ್ಲಿ, ಮೊಣಕಾಲಿನವರೆಗೆ ನೀರು. ಅದು ಹರಿಯುವ ನೀರಲ್ಲ, ನಿಂತು ನಿಧಾನವಾಗಿ ಏರುತ್ತಿದ್ದ ನೀರು. ಅಡಿಕೆ ಮರದ ಬುಡಕ್ಕೆ ಹಾಕಿದ್ದ ಸೊಪ್ಪು, ಗೊಬ್ಬರ ಎಲ್ಲ ತೇಲುತ್ತಿತ್ತು.

ನಮ್ಮ ಊರು ಸಿರ್ಸಿ ತಾಲೂಕಿನಲ್ಲಿದೆ. ಹೊಳೆ ಮುಂದೆ ಹೋಗಿ ಅಘನಾಶಿನಿಯನ್ನು ಸೇರುತ್ತದೆ. ಊರಿನ ಹೆಸರಾಗಲಿ ಜನರ ಹೆಸರಾಗಲಿ ಇಲ್ಲಿ ಹಾಕುವುದಿಲ್ಲ. ಆ ರಾತ್ರಿ ನಡೆದದ್ದರಲ್ಲಿ ನಮ್ಮದೂ ಪಾಲಿದೆ, ಪಕ್ಕದ ಮನೆಯವರದೂ ಇದೆ, ಯಾರನ್ನೂ ದೂರುವ ಉದ್ದೇಶ ನನಗಿಲ್ಲ. ಆದರೆ ನಡೆದದ್ದನ್ನು ಪೂರ್ತಿ ಬರೆದಿಡಬೇಕು ಅಂತ ಬಹಳ ದಿನದಿಂದ ಅನಿಸುತ್ತಿತ್ತು. ಮಲೆನಾಡು, ಕರಾವಳಿಯಲ್ಲಿ ಇಂಥ ಕಿಂಡಿ ಅಣೆಕಟ್ಟುಗಳು ಎಷ್ಟೋ ಇವೆ, ಇನ್ನೂ ಕಟ್ಟುತ್ತಲೇ ಇದ್ದಾರೆ. ನಮಗೆ ಆದದ್ದು ಇನ್ನೊಂದು ಊರಿಗೆ ಆಗಬಾರದು.

ಕಿಂಡಿ ಅಣೆಕಟ್ಟು ನೋಡದವರಿಗೆ ಎರಡು ಮಾತು. ಹೊಳೆಗೆ ಅಡ್ಡವಾಗಿ ಸಾಲಾಗಿ ಕಾಂಕ್ರೀಟ್ ಕಂಬಗಳಿರುತ್ತವೆ. ಎರಡು ಕಂಬಗಳ ನಡುವಿನ ಜಾಗವೇ ಕಿಂಡಿ. ಕಂಬದಲ್ಲಿ ಗಾಡಿ, ಅಂದರೆ ಹಲಗೆ ಕೂರುವ ಸೀಳು, ಕೊರೆದಿರುತ್ತಾರೆ. ಮಳೆ ಮುಗಿದು ಹೊಳೆ ಸಣ್ಣದಾದಾಗ, ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ, ಆ ಗಾಡಿಯಲ್ಲಿ ಹಲಗೆ ಇಳಿಸುತ್ತೇವೆ. ಎರಡು ಸಾಲು ಹಲಗೆ, ನಡುವೆ ಮಣ್ಣು. ನೀರು ನಿಲ್ಲುತ್ತದೆ, ಸುತ್ತಲಿನ ಬಾವಿಯಲ್ಲಿ ನೀರು ಏರುತ್ತದೆ, ಬೇಸಿಗೆಯಲ್ಲಿ ತೋಟ ಒಣಗುವುದಿಲ್ಲ. ಮಳೆಗಾಲಕ್ಕೆ ಮೊದಲು ಹಲಗೆ ತೆಗೆದರೆ ಹೊಳೆ ಮತ್ತೆ ಸಲೀಸು. ಇದು ಬಹಳ ಒಳ್ಳೆಯ ಏರ್ಪಾಡು. ನಮ್ಮ ತೋಟ ಉಳಿದಿರುವುದೇ ಅದರಿಂದ.

ನಮ್ಮದಕ್ಕೆ ಏಳು ಕಿಂಡಿ. ಒಂದೊಂದು ಸುಮಾರು 2 ಮೀಟರ್ ಅಗಲ. ಮುಂದಿನ ಕಥೆಯೆಲ್ಲ ಈ ಅಳತೆಯ ಮೇಲೆ ನಿಂತಿದೆ.

ಆ ರಾತ್ರಿ

‘ಆಶ್ಲೇಷಾ ಮಳೆ, ಈಸಲಾರದ ಹೊಳೆ’ ಅಂತ ಗಾದೆ ಇದೆಯಲ್ಲ, ಆ ವಾರ ಅದು ಅಕ್ಷರಶಃ ನಿಜವಾಯಿತು. ಕಾಳಿ, ಗಂಗಾವಳಿ, ಅಘನಾಶಿನಿ ಎಲ್ಲವೂ ದಂಡೆ ಮೀರಿದ್ದವು. ಸಿರ್ಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ನೀರು ಬರುವುದು ನಮಗೆ ಹೊಸದಲ್ಲ. ಆದರೆ ಬರೀ ನೀರು ಬಂದಿದ್ದರೆ ಏಳು ಕಿಂಡಿಯಲ್ಲಿ ಅದು ದಾಟಿ ಹೋಗುತ್ತಿತ್ತು.

ಕಟ್ಟೆಯ ಹತ್ತಿರ ಹೋದಾಗ ಅಲ್ಲಾಗಲೇ ನಾಲ್ಕೈದು ಜನ ಸೇರಿದ್ದರು. ಬೆಳಕು ಬಿಟ್ಟು ನೋಡಿದರೆ ಕಿಂಡಿಗಳೇ ಕಾಣಲಿಲ್ಲ. ಕಂಬಗಳ ಮುಂದೆ ಕಸದ ಗೋಡೆ ಎದ್ದಿತ್ತು. ಸತ್ತ ಬಿದಿರಿನ ಗಳುಗಳು, ಬುಡ ಸಮೇತ ಕಿತ್ತು ಬಂದ ಒಂದು ಮರ, ಅಡಿಕೆ ಸೋಗೆ, ಬೆಟ್ಟದಲ್ಲಿ ಸೊಪ್ಪು ಕಡಿದು ಬಿಟ್ಟ ಕೊಂಬೆಗಳು, ಪ್ಲಾಸ್ಟಿಕ್ ಚೀಲ. ಇವೆಲ್ಲದರ ಸಂದಿಯಲ್ಲಿ ಎಲೆ, ಕೆಸರು ಮೆತ್ತಿಕೊಂಡು ನೀರು ನುಸುಳಲೂ ಜಾಗ ಇರಲಿಲ್ಲ. ಕಟ್ಟೆಯ ಮೇಲಿನ ನೀರಿಗೂ ಕೆಳಗಿನ ನೀರಿಗೂ ಆಳೆತ್ತರದ ವ್ಯತ್ಯಾಸ.

ಇದು ಹೇಗೆ ಆಗುತ್ತದೆ ಎಂದು ಆಮೇಲೆ ಕೂತು ಯೋಚಿಸಿದೆ. ಸಣ್ಣ ಕಸ ಎಷ್ಟಿದ್ದರೂ ಕಿಂಡಿಯಲ್ಲಿ ದಾಟುತ್ತದೆ. ಕಿಂಡಿಗಿಂತ ಉದ್ದದ ಒಂದೇ ಒಂದು ಗಳು ಅಡ್ಡ ಬಂದರೆ ಮುಗಿಯಿತು. ಬಿದಿರು 6, 7 ಮೀಟರ್ ಉದ್ದ ಇರುತ್ತದೆ, ಕಿಂಡಿ 2 ಮೀಟರ್. ಗಳು ಎರಡು ಕಂಬಕ್ಕೆ ಒರಗಿ ನಿಂತಿತು. ಅದಕ್ಕೆ ಎರಡನೆಯದು ತಾಗಿತು, ಎರಡಕ್ಕೂ ಕೊಂಬೆ ಸಿಕ್ಕಿತು, ಕೊಂಬೆಗೆ ಸೋಗೆ, ಸೋಗೆಗೆ ಎಲೆ. ಹಿಂದಿನಿಂದ ನೀರು ತಳ್ಳಿದಷ್ಟೂ ಗಂಟು ಬಿಗಿಯಾಗುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಕೈಯಲ್ಲಿ ಎಳೆದು ಬಿಡಿಸುವ ಮಾತೇ ಇಲ್ಲ.

ಇನ್ನೊಂದು ತಪ್ಪು ನಮ್ಮದೇ. ಎರಡು ಕಿಂಡಿಯಲ್ಲಿ ಕೆಳಗಿನ ಹಲಗೆಗಳು ಹಾಗೇ ಉಳಿದಿದ್ದವು. ಮೇ ತಿಂಗಳಲ್ಲಿ ‘ಇನ್ನೊಂದು ವಾರ ನೀರಿರಲಿ’ ಅಂತ ಕೇಳಿದವರಲ್ಲಿ ನಾನೂ ಒಬ್ಬ. ಅಷ್ಟರಲ್ಲಿ ಮಳೆ ಬಂತು. ನೀರು ಕುಡಿದು ಉಬ್ಬಿದ ಹಲಗೆ ಗಾಡಿಯಲ್ಲಿ ಕಚ್ಚಿಕೊಂಡಿತು. ಎಳೆದರೂ ಬರಲಿಲ್ಲ, ಬಿಟ್ಟೆವು.

ಆ ರಾತ್ರಿ ಒಬ್ಬರು ತೋಟೆ (ಸಿಡಿಮದ್ದು) ಇಟ್ಟು ಹಾರಿಸೋಣ ಎಂದರು. ದೇವರ ದಯೆ, ಉಳಿದವರು ಒಪ್ಪಲಿಲ್ಲ. ರಸ್ತೆ ಕೆಲಸಕ್ಕೆ ಬಂದಿದ್ದ ಜೆಸಿಬಿ ಹತ್ತಿರದಲ್ಲೇ ಇತ್ತು. ಅದನ್ನು ಕರೆಸಿದೆವು. ಚಾಲಕ ಹುಡುಗ ಧೈರ್ಯವಂತ, ದಂಡೆಯ ಮೇಲೆ ನಿಲ್ಲಿಸಿ ಬಕೆಟ್ ಚಾಚಿದ. ಮಧ್ಯದ ಕಿಂಡಿಗೆ ಅಡ್ಡಬಿದ್ದಿದ್ದ ದೊಡ್ಡ ಮರವನ್ನು ಹಿಡಿದು ಜಗ್ಗಿದ. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ಮರ ತಿರುಗಿತು.

ಗುಡುಗಿದ ಹಾಗೆ ಸದ್ದು. ಕಸದ ಗೋಡೆ ಪೂರ್ತಿ ಒಂದೇ ಸಲಕ್ಕೆ ಹೋಯಿತು. ನಮ್ಮ ತೋಟದ ನೀರು ನೋಡ ನೋಡುತ್ತಾ ಇಳಿಯಿತು. ನಾವು ಕೂಗಿ ಕುಣಿದೆವು. ಹುಡುಗನಿಗೆ ಬಿಸಿ ಕಷಾಯ ಮಾಡಿಸಿ ಕೊಟ್ಟೆವು. ಮಲಗುವಾಗ ಬೆಳಗಿನ ಜಾವ ಆಗಿತ್ತು.

ಬೆಳಿಗ್ಗೆ ಗೊತ್ತಾಯಿತು. ಒಂದೂವರೆ ಕಿಲೋಮೀಟರ್ ಕೆಳಗೆ ಹೊಳೆ ಎಡಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ಒಂದು ಮರಳು ದಿಬ್ಬ, ಅದರ ಪಕ್ಕ ಒಂದು ಕಾಲುಸಂಕ, ನಡೆದು ದಾಟುವ ಸಣ್ಣ ಸೇತುವೆ. ನಾವು ಬಿಟ್ಟ ಕಸವೆಲ್ಲ ಅಲ್ಲಿ ಹೋಗಿ ಮತ್ತೆ ಕಟ್ಟಿಕೊಂಡಿತ್ತು. ಹಿಂದೆಯೇ ನಮ್ಮ ಕಟ್ಟೆಯ ಹಿಂದೆ ನಿಂತಿದ್ದ ನೀರು ಒಮ್ಮೆಲೇ ಬಂದು ನುಗ್ಗಿತ್ತು. ಸಂಕ ಹೋಯಿತು. ಹೊಳೆ ದಾರಿ ಸಿಗದೆ ಪಕ್ಕದ ದರೆ ಕೊರೆದು ತೋಟಕ್ಕೆ ಹೊಕ್ಕಿತು. ಫಲ ಕೊಡುವ ಅಡಿಕೆ ಮರಗಳು, ಅವಕ್ಕೆ ಹಬ್ಬಿಸಿದ್ದ ಕಾಳುಮೆಣಸು ಬಳ್ಳಿಗಳು ಬೇರು ಸಮೇತ ಮಲಗಿದ್ದವು. ತೋಟದ ಮೇಲೆ ಒಂದು ಮೊಳ ಮರಳು.

ಯಾರ ಜೀವಕ್ಕೂ ಅಪಾಯ ಆಗಲಿಲ್ಲ. ಆ ಸಂಕದ ಮೇಲೆ ಯಾರಾದರೂ ಇದ್ದಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ತೋಟ ನನಗೆ ದೂರದ ಸಂಬಂಧದಲ್ಲಿ ಮಾವನಾಗಬೇಕಾದವರದು. ಮಧ್ಯಾಹ್ನ ನಾವು ಮೂವರು ಹೋದೆವು. ಅವರು ಜಗಲಿಯ ಮೇಲೆ ಕೂತಿದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. “ತಮಾ, ನಿಂಗ ಬಿಟ್ಟ ನೀರು ನಮ್ಮನೆ ತೋಟಕ್ಕೆ ಬಂತು. ಒಂದು ಫೋನಾದ್ರೂ ಮಾಡ್ಲಾಗಿತ್ತು” ಎಂದರು. ಅಷ್ಟೇ. ಅತ್ತೆ ಒಳಗಿನಿಂದ ಚಹಾ ತಂದಿಟ್ಟರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಒಟ್ಟಾವಾದ ವಿಡಿಯೊ

ಮುಂದಿನ ಫೆಬ್ರವರಿಯಲ್ಲಿ ಅಕ್ಕನ ಮಗಳು ಒಂದು ವಿಡಿಯೊ ಕಳಿಸಿದಳು. ಅವಳು ಕೆನಡಾದ ಒಟ್ಟಾವಾದಲ್ಲಿದ್ದಾಳೆ. ಬಿಳಿ ಬಯಲಿನ ಹಾಗೆ ಕಾಣುವ ಒಂದು ನದಿ. ಅದರ ಮೇಲೆ ಜೆಸಿಬಿಯಂಥದೇ ಒಂದು ಯಂತ್ರ, ಆದರೆ ನೀರಿನಲ್ಲೂ ತೇಲುವಂಥದ್ದು. ದೂರದಲ್ಲಿ ಢಮ್ ಎಂದು ಸದ್ದಾಗಿ ಬಿಳಿ ಚೂರು ಮೇಲಕ್ಕೆ ಹಾರುತ್ತದೆ. “ಮಾವ, ಇಲ್ಲಿ ಪ್ರವಾಹ ಬರಬಾರದು ಅಂತ ನದಿಯ ಐಸ್ ಒಡೀತಿದ್ದಾರೆ. ನಿಮ್ಮ ಕಟ್ಟೆ ನೆನಪಾಯಿತು” ಎಂದಿದ್ದಳು.

ನಮಗೆ ಐಸ್ ಅಂದರೆ ಕಾರವಾರದ ಬೈತಕೋಲದಲ್ಲಿ ಮೀನಿನ ಬುಟ್ಟಿಗೆ ಸುರಿಯುವ ಐಸ್. ನದಿಯೇ ಹೆಪ್ಪುಗಟ್ಟುವುದು, ಆಮೇಲೆ ಒಡೆಯುವುದು, ಅದರಿಂದ ಊರು ಮುಳುಗುವುದು ಇವೆಲ್ಲ ನನ್ನ ತಲೆಗೆ ಮೊದಲು ಹೋಗಲಿಲ್ಲ. ಫೋನ್ ಮಾಡಿ ಕೇಳಿದೆ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದ ಹಾಗೆ ಮೈ ಜುಂ ಎಂದಿತು. ಅದು ನಮ್ಮದೇ ರಾತ್ರಿಯ ಕಥೆ. ಬಿದಿರಿನ ಬದಲು ಐಸ್, ಅಷ್ಟೇ ವ್ಯತ್ಯಾಸ.

ಚಳಿಗಾಲದಲ್ಲಿ ಅಲ್ಲಿನ ನದಿಯ ಮೇಲ್ಭಾಗ ಹೆಪ್ಪುಗಟ್ಟಿ ಹಾಸುಗಲ್ಲಿನ ಹಾಗೆ ಆಗುತ್ತದೆ. ಕೆಳಗೆ ನೀರು ಹರಿಯುತ್ತಲೇ ಇರುತ್ತದೆ. ವಸಂತ ಬಂದಾಗ ಇದು ಎರಡು ರೀತಿಯಲ್ಲಿ ಕರಗಬಹುದು. ಬಿಸಿಲು ನಿಧಾನವಾಗಿ ಏರಿದರೆ ಐಸ್ ಇದ್ದಲ್ಲೇ ಬೆಂಡಾಗಿ, ಪುಡಿಯಾಗಿ ಹೋಗುತ್ತದೆ. ಯಾರಿಗೂ ತೊಂದರೆ ಇಲ್ಲ. ಆದರೆ ಐಸ್ ಇನ್ನೂ ಗಟ್ಟಿ ಇರುವಾಗಲೇ ಹಠಾತ್ತನೆ ಬಿಸಿಯಾಗಿ, ಜೊತೆಗೆ ಮಳೆಯೂ ಬಂದು, ಹಿಮ ಕರಗಿದ ನೀರು ನುಗ್ಗಿದರೆ ಕಷ್ಟ. ಕೆಳಗಿನ ನೀರು ಏರಿ ಐಸನ್ನು ಎತ್ತಿ ಮುರಿಯುತ್ತದೆ. ಕಾರಿನಷ್ಟು, ಮನೆಯಷ್ಟು ದೊಡ್ಡ ತುಂಡುಗಳು ಹೊರಡುತ್ತವೆ. ಎಲ್ಲಾದರೂ ತಿರುವು, ಸೇತುವೆಯ ಕಂಬ, ನಡುಗಡ್ಡೆ, ಇಳಿಜಾರು ಮುಗಿದು ಸಪಾಟಾಗುವ ಜಾಗ, ಎರಡು ನದಿ ಕೂಡುವ ಜಾಗ ಸಿಕ್ಕಿದರೆ ಅಲ್ಲಿ ಕಟ್ಟಿಕೊಳ್ಳುತ್ತವೆ. ಹಿಂದೆ ನೀರು ಗಂಟೆಗಳಲ್ಲಿ ಮೀಟರ್‌ಗಟ್ಟಲೆ ಏರುತ್ತದೆ.

ಉತ್ತರಕ್ಕೆ ಹರಿಯುವ ನದಿಗಳಲ್ಲಿ ಇದು ಇನ್ನೂ ಜಾಸ್ತಿ. ದಕ್ಷಿಣದ ಮೇಲ್ಭಾಗದಲ್ಲಿ ಮೊದಲು ಕರಗುತ್ತದೆ, ಉತ್ತರದ ಕೆಳಭಾಗ ಇನ್ನೂ ಗಟ್ಟಿಯಾಗಿರುತ್ತದೆ. ಮೇಲಿನಿಂದ ಬಂದದ್ದಕ್ಕೆ ಕೆಳಗೆ ಬಾಗಿಲು ಹಾಕಿದ ಹಾಗೆ. ರಷ್ಯಾದ ಲೇನಾ ನದಿ ಹೀಗೆಯೇ. 2001ರ ಮೇ ತಿಂಗಳಲ್ಲಿ ಅಲ್ಲಿ ಐಸ್ ಕಟ್ಟಿಕೊಂಡು ಲೆನ್ಸ್ಕ್ ಎಂಬ ಊರು ಬಹುತೇಕ ನಾಶವಾಯಿತು. ಐಸ್ ಒಡೆಯಲು ವಿಮಾನದಿಂದ ಬಾಂಬ್ ಹಾಕಿದರು. ಊರು ಉಳಿಯಲಿಲ್ಲ. ಇದನ್ನು ಓದಿದಾಗ ಆ ರಾತ್ರಿ ತೋಟೆ ಇಡೋಣ ಎಂದ ಮಾತು ನೆನಪಾಯಿತು.

ನಾನು ಇದನ್ನು ಓದುತ್ತಿದ್ದ ಹೊತ್ತಿನಲ್ಲೇ, 2020ರ ಏಪ್ರಿಲ್ ಕೊನೆಯಲ್ಲಿ, ಕೆನಡಾದ ಫೋರ್ಟ್ ಮ್ಯಾಕ್‌ಮರ್ರೆಯಲ್ಲಿ ದೊಡ್ಡ ಅನಾಹುತವಾಯಿತು. ಅಥಬಾಸ್ಕಾ ನದಿಯಲ್ಲಿ ಸುಮಾರು 25 ಕಿಲೋಮೀಟರ್ ಉದ್ದಕ್ಕೆ ಐಸ್ ಕಟ್ಟಿಕೊಂಡಿತು. ಪಕ್ಕದಿಂದ ಬಂದು ಸೇರುವ ಕ್ಲಿಯರ್‌ವಾಟರ್ ನದಿಗೆ ಹೋಗಲು ದಾರಿ ಇಲ್ಲದೆ ಅದು ಹಿಂದಕ್ಕೆ ಒತ್ತಿ ಪೇಟೆಯೊಳಗೆ ಬಂತು. ಸುಮಾರು 13,000 ಜನ ಮನೆ ಬಿಡಬೇಕಾಯಿತು, ಅದೂ ಕೊರೋನಾ ಕಾಲದಲ್ಲಿ. ನಮ್ಮ ಕಡೆ ಕುಮಟಾ, ಹೊನ್ನಾವರದವರಿಗೆ ಇದು ಬೇಗ ಅರ್ಥವಾದೀತು. ಸಮುದ್ರದ ಭರತಿ ಇದ್ದಾಗ ಹೊಳೆಯ ನೀರು ಹೊರಗೆ ಹೋಗದೆ ಹಿಂದಕ್ಕೆ ಒತ್ತುತ್ತದಲ್ಲ, ಹಾಗೆಯೇ.

ಇನ್ನು ಒಟ್ಟಾವಾಕ್ಕೆ ಬರುತ್ತೇನೆ. ನನಗೆ ನಿಜವಾದ ಪಾಠ ಸಿಕ್ಕಿದ್ದು ಅಲ್ಲಿ. ಅಲ್ಲಿನ ರಿಡೋ ನದಿಯೂ ಉತ್ತರಕ್ಕೆ ಹರಿದು, ಕೊನೆಗೆ ಒಂದು ಜಲಪಾತವಾಗಿ ಒಟ್ಟಾವಾ ನದಿಗೆ ಬೀಳುತ್ತದೆ. ನೂರಕ್ಕೂ ಜಾಸ್ತಿ ವರ್ಷದಿಂದ ಅಲ್ಲಿ ಪ್ರತಿ ವರ್ಷ ಪ್ರವಾಹಕ್ಕೆ ಮೊದಲೇ ಐಸ್ ಒಡೆಯುತ್ತಾರೆ. ಮೊದಲು ಗರಗಸದಲ್ಲಿ ಉದ್ದಕ್ಕೆ ಕೊಯ್ದು ಗೀರು ಮಾಡುತ್ತಾರೆ. ಆಮೇಲೆ ಯಂತ್ರ, ಬೇಕಾದಲ್ಲಿ ಸ್ಫೋಟಕ. ಜನರಿಗೆ ಮೊದಲೇ ತಿಳಿಸುತ್ತಾರೆ, ಐಸ್ ಮೇಲೆ ಕಾಲಿಡಬೇಡಿ ಅಂತ.

ಎಲ್ಲಿಂದ ಶುರು ಮಾಡುತ್ತಾರೆ ಎಂದು ಅಕ್ಕನ ಮಗಳಿಗೆ ಕೇಳಿದೆ. “ಜಲಪಾತದಿಂದ, ಮಾವ. ಕೆಳಗಿನ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗ್ತಾರೆ” ಎಂದಳು.

ನಾನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಕೆಳಗಿನಿಂದ! ಒಡೆದ ಐಸ್ ಹೋಗಲು ಮೊದಲು ಜಾಗ ಬೇಕು. ಕೆಳಗೆ ಜಾಗ ಮಾಡದೆ ಮೇಲೆ ಒಡೆದರೆ ಗಂಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ, ಬಿಡುವುದಿಲ್ಲ. ನಾವು ಮಾಡಿದ್ದು ಅದನ್ನೇ. ನಮ್ಮ ಗಂಟನ್ನು ಮಾವನ ತಿರುವಿಗೆ ಕಳಿಸಿದೆವು. ಅದೂ ಹಿಂದೆ ಆಳೆತ್ತರದ ನೀರು ನಿಂತಿರುವಾಗ, ನಡುರಾತ್ರಿ, ಹೇಳದೆ ಕೇಳದೆ. ಐಸ್ ಕಟ್ಟು ಹಠಾತ್ತನೆ ಬಿಟ್ಟಾಗ ಕೆಳಗೆ ನುಗ್ಗುವ ಅಲೆ ಎಷ್ಟು ಅಪಾಯಕಾರಿ ಎಂದು ಆ ದೇಶಗಳಲ್ಲಿ ಬಹಳ ಅಭ್ಯಾಸ ಮಾಡಿದ್ದಾರೆ. ನಮಗೆ ಅದು ಒಂದು ಸಂಕ ಕೊಟ್ಟು ಗೊತ್ತಾಯಿತು.

ಯಾವುದು ನಮಗೆ ಹೊಂದುತ್ತದೆ, ಯಾವುದು ಇಲ್ಲ

ಅಲ್ಲಿನದ್ದನ್ನು ಹಾಗೇ ತಂದು ಇಲ್ಲಿ ಮಾಡಲು ಆಗುವುದಿಲ್ಲ. ಐಸ್ ಬಿಸಿಲಿಗೆ ಕರಗುತ್ತದೆ. ಅದಕ್ಕೇ ಕೆಲವು ಕಡೆ ಐಸ್ ಮೇಲೆ ಕಪ್ಪು ಮರಳು, ಬೂದಿ ಎರಚುತ್ತಾರೆ. ಕಪ್ಪು ಬಣ್ಣ ಬಿಸಿಲನ್ನು ಹೀರಿ ಐಸ್ ಬೇಗ ಬೆಂಡಾಗುತ್ತದೆ. ಬಿದಿರು ಕರಗುವುದಿಲ್ಲ. ಅಲ್ಲಿ ವರ್ಷಕ್ಕೆ ಒಮ್ಮೆ ಬಂದು ಮುಗಿಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಜೋರು ಮಳೆಗೂ ಕಸ ಬರುತ್ತದೆ.

ಆದರೆ ನಮಗೆ ಒಂದು ಅನುಕೂಲ ಇದೆ, ಅದು ಅವರಿಗಿಲ್ಲ. ನಮ್ಮ ಕಸ ಎಲ್ಲಿಂದ ಹೊರಡುತ್ತದೆ ಎಂದು ನಾವು ನಡೆದು ಹೋಗಿ ನೋಡಬಹುದು. ಏಪ್ರಿಲ್‌ನಲ್ಲಿ ಹೊಳೆ ಸಣ್ಣ ತೊರೆಯಾಗಿರುತ್ತದೆ. ಐದಾರು ಜನ ಒಂದು ದಿನ ಬುತ್ತಿ ಕಟ್ಟಿಕೊಂಡು ಹೊಳೆಯೊಳಗೇ ಮೇಲಕ್ಕೆ ನಡೆದೆವು. ಅಷ್ಟು ವರ್ಷ ಈ ಊರಲ್ಲಿದ್ದರೂ ನಾನು ಹೊಳೆಯನ್ನು ಹಾಗೆ ನೋಡಿರಲಿಲ್ಲ. ಬಿದಿರು ಜೀವಮಾನದಲ್ಲಿ ಒಮ್ಮೆ ಹೂಬಿಟ್ಟು ಸಾಯುತ್ತದೆ, ಇಡೀ ಕಾಡಿನ ಬಿದಿರು ಸುಮಾರು ಒಟ್ಟಿಗೇ. ಹಾಗೆ ಸತ್ತ ಮೆಳೆಗಳು ದಂಡೆಯುದ್ದಕ್ಕೂ ಒರಗಿ ಬಿದ್ದಿದ್ದವು, ಒಂದು ನೆರೆ ಬಂದರೆ ಸಾಕು ಎನ್ನುವ ಹಾಗೆ. ಅದರ ಜೊತೆ ನಮ್ಮದೇ ಸಾಮಾನು. ಅಡಿಕೆ ತೋಟಕ್ಕೆ ಸೊಪ್ಪು ತರಲು ನಮಗೆ ಬೆಟ್ಟ ಭೂಮಿ ಇದೆ, ಎಕರೆ ತೋಟಕ್ಕೆ 9 ಎಕರೆಯಂತೆ. ಅಲ್ಲಿ ಸೊಪ್ಪು ಸವರಿ, ಕೊಂಬೆ ಹೊಳೆಯ ಕಡೆಗೆ ತಳ್ಳಿದ್ದೆವು. ಉದುರಿದ ಸೋಗೆ, ಬಿದ್ದ ಅಡಿಕೆ ಮರ ಎಲ್ಲವನ್ನೂ ದಂಡೆಯಲ್ಲೇ ರಾಶಿ ಹಾಕಿದ್ದೆವು. ‘ಹೊಳೆ ಒಯ್ಯುತ್ತದೆ’ ಎಂಬ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಅಲ್ವಾ? ಒಯ್ಯುತ್ತದೆ, ನಿಜ. ಎಲ್ಲಿಗೆ ಒಯ್ಯುತ್ತದೆ ಎಂದು ನಾವು ಕೇಳಿರಲಿಲ್ಲ.

ಏಪ್ರಿಲ್, ಮೇ ತಿಂಗಳ ಕೆಲಸ

ಲಾಕ್‌ಡೌನ್ ಇತ್ತು. ಬೆಂಗಳೂರಿನಿಂದ ಹುಡುಗರು ಊರಿಗೆ ಬಂದಿದ್ದರು. ಕೈಗಳಿಗೆ ಕೊರತೆ ಇರಲಿಲ್ಲ. ಕೆಲಸವನ್ನು ಕೆಳಗಿನಿಂದ ಶುರು ಮಾಡಿದೆವು, ಅಂದರೆ ಮಾವನ ತೋಟದ ತಿರುವಿನಿಂದ. ಕೆಲವರಿಗೆ ಇದು ಸರಿ ಕಾಣಲಿಲ್ಲ. “ನಮ್ಮ ಕಟ್ಟೆ ಬಿಟ್ಟು ಅವರ ಮನೆ ಕೆಲಸ ಯಾಕೆ?” ಎಂದರು. ನಾನು ಒಟ್ಟಾವಾದ ವಿಡಿಯೊ ತೋರಿಸಿದೆ. ಆದರೆ ಅವರನ್ನು ಒಪ್ಪಿಸಿದ್ದು ವಿಡಿಯೊ ಅಲ್ಲ. ಮಾವ ಸ್ವತಃ ಕತ್ತಿ ಹಿಡಿದು ಹೊಳೆಗೆ ಇಳಿದಿದ್ದರು, ಎಪ್ಪತ್ತು ದಾಟಿದ ಮನುಷ್ಯ. ಅದನ್ನು ನೋಡಿ ದಂಡೆಯ ಮೇಲೆ ನಿಲ್ಲಲು ಯಾರಿಗೂ ಮನಸ್ಸಾಗಲಿಲ್ಲ.

ತಿರುವಿನಲ್ಲಿ ಹೋದ ವರ್ಷದ ಮರ, ಬಿದಿರು ಎಲ್ಲ ಕೊಯ್ದು ಹೊರಗೆ ಹಾಕಿದೆವು. ಅದಕ್ಕೆ ಬೇಕಾದ ಅನುಮತಿಯನ್ನು ಮೊದಲೇ ಪಡೆದಿದ್ದೆವು. ಹೊಸ ಸಂಕವನ್ನು ಹಳೆಯದಕ್ಕಿಂತ ಎತ್ತರದಲ್ಲಿ, ಹೊಳೆಯ ನಡುವೆ ಆಸರೆ ಕಂಬ ಇಲ್ಲದ ಹಾಗೆ ಹಾಕಿದೆವು. ನಡುವಿನ ಕಂಬವೇ ಕಸಕ್ಕೆ ಕೊಕ್ಕೆ. ಆಮೇಲೆ ಮೇಲಕ್ಕೆ ಬಂದು ಕಟ್ಟೆ, ಅದಕ್ಕಿಂತ ಮೇಲಿನ ದಂಡೆ. ಒರಗಿದ ಸತ್ತ ಗಳುಗಳನ್ನು ಕಡಿದು, ಹೊಳೆ ಮುಟ್ಟದಷ್ಟು ಎತ್ತರಕ್ಕೆ ಸಾಗಿಸಿದೆವು. ಹೊತ್ತು ಒಯ್ಯಲಾಗದ್ದನ್ನು ಒಂದೂವರೆ ಮೀಟರ್ ತುಂಡು ಮಾಡಿದೆವು. ಕಿಂಡಿ 2 ಮೀಟರ್ ಇರುವಾಗ ಒಂದೂವರೆ ಮೀಟರ್ ತುಂಡು ಅಡ್ಡ ನಿಲ್ಲುವುದು ಕಷ್ಟ.

ಎಲ್ಲ ಮರವನ್ನೂ ತೆಗೆಯಲಿಲ್ಲ, ಇದನ್ನು ಒತ್ತಿ ಹೇಳಬೇಕು. ದಂಡೆಯಲ್ಲಿ ಬೇರು ಬಿಟ್ಟು ನಿಂತ ಮರ ಮಣ್ಣು ಹಿಡಿಯುತ್ತದೆ. ಗುಂಡಿಯೊಳಗೆ ಹೂತು ಕೂತ ಹಳೆಯ ದಿಮ್ಮಿಯ ಅಡಿಯಲ್ಲಿ ಮೀನು ಇರುತ್ತದೆ, ಅದು ಎಲ್ಲೂ ಹೋಗುವುದೂ ಇಲ್ಲ. ಜೆಸಿಬಿ ತಂದು ಹೊಳೆಯನ್ನು ಗಟಾರದ ಹಾಗೆ ಬಳಿದು ಹಾಕುವುದಕ್ಕೆ ಸ್ವಚ್ಛತೆ ಎಂದು ಹೆಸರಿಡುವವರಿದ್ದಾರೆ. ಹಾಗೆ ಬಳಿದ ಹೊಳೆ ನೀರನ್ನು ಇನ್ನೂ ಜೋರಾಗಿ ಕೆಳಗೆ ಕಳಿಸುತ್ತದೆ. ಕೆಳಗಿನವರ ಪಾಡು ಏನು?

ಕಟ್ಟೆಗಿಂತ ಮುಕ್ಕಾಲು ಕಿಲೋಮೀಟರ್ ಮೇಲೆ ಹೊಳೆ ಅಗಲವಾಗುವ ಒಂದು ಜಾಗ ಇದೆ. ಪಕ್ಕದಲ್ಲಿ ಖಾಲಿ ಬಯಲು, ತೋಟ ಇಲ್ಲ. ಅಲ್ಲಿ ಸಾಲಾಗಿ ಕಲ್ಲುಕಂಬ ನೆಟ್ಟೆವು, ಕಿಂಡಿಗಿಂತ ಕಡಿಮೆ ಅಂತರದಲ್ಲಿ. ಉದ್ದದ ಗಳು ಏನೇ ಬಂದರೂ ಅಲ್ಲೇ ಸಿಕ್ಕಲಿ, ನೀರು ಪಕ್ಕದ ಬಯಲಿನ ಮೇಲೆ ಹರಿದು ಮುಂದೆ ಹೋಗಲಿ ಎಂದು. ಈ ಯೋಚನೆಯೂ ಐಸ್ ನದಿಗಳದ್ದೇ. ನ್ಯೂಯಾರ್ಕ್ ರಾಜ್ಯದ ಕ್ಯಾಜೆನೋವಿಯಾ ಎಂಬ ಹಳ್ಳದಲ್ಲಿ ಊರಿಗಿಂತ ಮೇಲೆ ಕಾಂಕ್ರೀಟ್ ಕಂಬ ನಿಲ್ಲಿಸಿ ಐಸ್ ಹಿಡಿಯುತ್ತಾರೆ, ನೀರು ಪಕ್ಕದ ಬಯಲಿನ ಮೇಲೆ ಸುತ್ತಿ ಹೋಗುತ್ತದೆ. ಈರಿ ಸರೋವರದಿಂದ ನಯಾಗರಾ ನದಿ ಹೊರಡುವಲ್ಲಿ 1964ರಿಂದ ಪ್ರತಿ ಚಳಿಗಾಲಕ್ಕೆ ತೇಲುವ ಸರಪಳಿ ಕಟ್ಟುತ್ತಾರೆ, ಸರೋವರದ ಐಸ್ ನದಿಗೆ ಬರದ ಹಾಗೆ.

ಹಲಗೆಯ ವಿಷಯಕ್ಕೆ ಜಗಳವೇ ಆಯಿತು. ಮೇ ತಿಂಗಳಲ್ಲಿ ಒಂದೊಂದು ದಿನದ ನೀರೂ ಬೆಲೆಯದ್ದು, ಅದು ನನಗೂ ಗೊತ್ತು. ಮೇಲಿನ ತೋಟದವರಿಗೆ ನೀರು ಬೇಕು, ಕಟ್ಟೆಯ ಪಕ್ಕದವರಿಗೆ ಹೆದರಿಕೆ. ಎರಡು ಸಂಜೆ ಮಾತಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಕೃತ್ತಿಕಾ ಮಳೆ ಹುಟ್ಟುವ ಹೊತ್ತಿಗೆ ಮೇಲಿನ ಅರ್ಧ ಹಲಗೆ ತೆಗೆಯುವುದು. ರೋಹಿಣಿ ಹುಟ್ಟುವುದರೊಳಗೆ, ಅಂದರೆ ಮೇ 25ರ ಮೊದಲು, ಎಲ್ಲವೂ ಹೊರಗೆ, ಮಳೆ ಇರಲಿ ಇಲ್ಲದಿರಲಿ. ಮರದ ಹಲಗೆಯ ಬದಲು ನಿಧಾನವಾಗಿ ಫೈಬರ್ ಹಲಗೆಗೆ ಬದಲಾಯಿಸುತ್ತಿದ್ದೇವೆ. ಅದು ಉಬ್ಬುವುದಿಲ್ಲ, ಕಚ್ಚಿಕೊಳ್ಳುವುದಿಲ್ಲ.

ಕೊನೆಯದು ಫೋನ್. ಮೇಲಿನ ಕಲ್ಲುಕಂಬದ ಹತ್ತಿರದ ಮನೆ, ಕಟ್ಟೆಯ ಹತ್ತಿರ ನಾವು, ತಿರುವಿನಲ್ಲಿ ಮಾವನ ಮನೆ, ಅದರ ಕೆಳಗೆ ಇನ್ನೆರಡು ಮನೆ. ಎಲ್ಲರ ನಂಬರ್ ಎಲ್ಲರ ಹತ್ತಿರ. ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಹೋಗುತ್ತದೆ. ಅದಕ್ಕೆ ಒಂದು ಗರ್ನಾಲು ಪಟಾಕಿ ಹೊಡೆದರೆ ‘ನೀರು ಬಿಟ್ಟಿದೆ’ ಎಂದು ಅರ್ಥ ಮಾಡಿಕೊಂಡೆವು.

2021ರ ಪುಷ್ಯ ಮಳೆ

2020ರ ಮಳೆಗಾಲ ಸಲೀಸಾಗಿ ಕಳೆಯಿತು. ಪರೀಕ್ಷೆ ಬಂದದ್ದು ಮರುವರ್ಷ, ಜುಲೈ 22 ಮತ್ತು 23ರಂದು. ಆ ಎರಡು ದಿನ ಜಿಲ್ಲೆಯಲ್ಲಿ ಆದದ್ದನ್ನು ಯಾರೂ ಮರೆತಿಲ್ಲ. ಯಲ್ಲಾಪುರ ತಾಲೂಕಿನ ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆಯೇ ಕೊಚ್ಚಿ ಹೋಯಿತು. ಕಳಚೆಯಲ್ಲಿ ಗುಡ್ಡ ಕುಸಿಯಿತು. ಅಂಥ ದೊಡ್ಡ ಹೊಳೆಗಳ ಮುಂದೆ ನಮ್ಮದು ಸಣ್ಣದು, ಆದರೆ ನಮ್ಮ ಮಟ್ಟಿಗೆ ಅದು ಕೂಡ ತುಂಬಿ ಬಂದಿತ್ತು.

ಸಂಜೆ ಐದಕ್ಕೆ ಮೇಲಿನಿಂದ ಫೋನ್ ಬಂತು. ಕಲ್ಲುಕಂಬದಲ್ಲಿ ಗಳುಗಳು ಸಿಕ್ಕಿವೆ, ನೀರು ಬಯಲಿಗೆ ಹತ್ತಿದೆ ಎಂದರು. ಅಂದುಕೊಂಡ ಹಾಗೆಯೇ ಆಗಿತ್ತು. ಆದರೆ ರಾತ್ರಿ ಎಂಟರ ಹೊತ್ತಿಗೆ ಎರಡು ಕಲ್ಲುಕಂಬ ಬುಡ ಕಿತ್ತು ಮಲಗಿದವು. ನಾವು ಅವನ್ನು ಸಾಕಷ್ಟು ಆಳಕ್ಕೆ ಹೂಳಿರಲಿಲ್ಲ. ಸ್ವಲ್ಪ ಕಸ ಕಟ್ಟೆಗೆ ಬಂತು, ಏಳರಲ್ಲಿ ಎರಡು ಕಿಂಡಿ ಕಟ್ಟಿಕೊಂಡವು.

ಈ ಸಲ ಕೈ ಹಾಕುವ ಮೊದಲು ಕೆಳಗಿನವರಿಗೆ ಫೋನ್ ಮಾಡಿದೆವು. ಮಾವ ತಿರುವಿಗೆ ಹೋಗಿ ನೋಡಿ, ಹೊಳೆ ತೆರೆದಿದೆ, ಸಂಕದ ಮೇಲೆ ಜನ ಇಲ್ಲ ಎಂದು ಹೇಳುವವರೆಗೆ ಕಾದೆವು. ಆಮೇಲೆ ದಂಡೆಯ ಮೇಲಿನಿಂದ ಉದ್ದನೆಯ ಕೊಕ್ಕೆಗೆ ಹಗ್ಗ ಕಟ್ಟಿ, ಗಂಟಿನ ಕೆಳ ಅಂಚಿನ ತುಂಡುಗಳನ್ನು ಒಂದೊಂದಾಗಿ ಸಡಿಲ ಮಾಡಿದೆವು. ದೊಡ್ಡ ಗಳುವನ್ನು ಮುಟ್ಟಲಿಲ್ಲ. ನೀರು ಸ್ವಲ್ಪ ಸ್ವಲ್ಪವೇ ದಾಟಿ, ಹಿಂದಿನ ಒತ್ತಡ ಇಳಿದ ಮೇಲೆ ಅದನ್ನು ಪಕ್ಕಕ್ಕೆ ಎಳೆದೆವು. ಎರಡು ತಾಸಿಗೂ ಜಾಸ್ತಿ ಹಿಡಿಯಿತು. ಹುಡುಗರಿಗೆ ತಾಳ್ಮೆ ಇರಲಿಲ್ಲ, ಬೈದು ನಿಲ್ಲಿಸಬೇಕಾಯಿತು.

ಇದನ್ನು ಓದಿ ಯಾರಾದರೂ ಮಾಡಲು ಹೊರಟರೆ ಒಂದು ಮಾತು. ಕೆಳಗಿನಿಂದ ಬಿಡಿಸುವುದು ಅಂದರೆ ಕೆಳಗೆ ನಿಂತು ಬಿಡಿಸುವುದಲ್ಲ. ಕಟ್ಟಿಕೊಂಡ ಕಟ್ಟೆಯ ಕೆಳಗೆ, ಹೊಳೆಯೊಳಗೆ, ಯಾರೂ ಇಳಿಯಬಾರದು. ಕಟ್ಟೆಯ ಮೇಲೆ ನಡೆಯಲೂಬಾರದು. ದಂಡೆಯ ಮೇಲಿನಿಂದ ಆಗುವಷ್ಟು ಮಾತ್ರ. ಆಗದಿದ್ದರೆ ಬಿಡಬೇಕು, ತೋಟ ಮುಳುಗಲಿ.

ಆ ರಾತ್ರಿ ನಮ್ಮ ತೋಟಕ್ಕೆ ನೀರು ಬಂತು, ಆದರೆ ಪಾದ ಮುಳುಗುವಷ್ಟು, ಬೆಳಗಾಗುವುದರೊಳಗೆ ಇಳಿಯಿತು. ಮಾವನ ತೋಟಕ್ಕೆ ಬರಲಿಲ್ಲ. ಕಟ್ಟೆಯ ಬಲದಂಡೆಯಲ್ಲಿ ದರೆ ಕೊರೆದಿದೆ, ಅದು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಿದೆ. ಅಲ್ಲಿ ಕಲ್ಲು ಕಟ್ಟಬೇಕು, ಅದಕ್ಕೆ ಊರಿನ ಹಣ ಸಾಲದು. ಅರ್ಜಿ ಕೊಟ್ಟು ಕಾಯುತ್ತಿದ್ದೇವೆ. ಬಿದ್ದ ಎರಡು ಕಲ್ಲುಕಂಬಗಳನ್ನು ಮರುವರ್ಷ ಮೊದಲಿನ ಎರಡರಷ್ಟು ಆಳಕ್ಕೆ ನೆಟ್ಟೆವು, ಈವರೆಗೆ ನಿಂತಿವೆ.

ಅಕ್ಕನ ಮಗಳು ಈಗಲೂ ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ಹೊತ್ತಿಗೆ ರಿಡೋ ನದಿಯ ವಿಡಿಯೊ ಕಳಿಸುತ್ತಾಳೆ. ಅದು ಬಂದರೆ ನಮಗೆ ಕತ್ತಿ ಮಸೆಯುವ ಸಮಯ. ಮಳೆಗಾಲದಲ್ಲಿ ನಾನು ಕಟ್ಟೆಯ ಹತ್ತಿರ ನಿಂತು ಉದ್ದದ ಗಳು ಏನಾದರೂ ದಾಟಿದರೆ ಮಾವನಿಗೆ ಹೇಳುತ್ತೇನೆ. “ಮಾವ, ಎರಡು ಬಿದಿರು, ಒಂದು ಹಲಸಿನ ಕೊಂಬೆ.” ಕಾಲು ತಾಸಿನ ನಂತರ ಅಲ್ಲಿಂದ ಫೋನ್ ಬರುತ್ತದೆ.

“ತಮಾ, ಮೂರೂ ದಾಟಿತು.”